ಬೆಚ್ಚನೆಯ ಜಾಗದ ಶಾಸನ

ಸೋಲ್,
೮ ನವೆಂಬರ್ ೧೯೯೮

ತೀರ್ಥರೂಪ ಸಮಾನರೂ, ಅಮೇರಿಕಾದ ಜಾರ್ಜಿಯಾ ಸೀಮೆಯ ಕಮ್ಮಿಂಗ್ ಪಟ್ಟಣದಲ್ಲಿ ಐದು ಬೆಡ್‌ರೂಮುಗಳ ಹೊಸ ಮನೆಯ ಅಧಿಪತಿಗಳೂ, ಹುಲ್ಲುಹಾಸಿನ ಏಕಮೇವ ಪರಿಪಾಲಕರೂ ಆದ ಬಸವಂತಪ್ಪ ಕಾಕಾ ಅವರ ಪಾದಗಳಿಗೆ, ಮೇರಿಲ್ಯಾಂಡಿನ ಜರ್ಮನ್‌ಟೌನಿನಿಂದ ಆರು ವಾರಗಳ ಮಟ್ಟಿಗೆ ಕೊರಿಯಾಕ್ಕೆ ಗಡೀಪಾರಾಗಿರುವ ನಿಮ್ಮ ಅಣ್ಣನ ಮಗ ಶಶಿಕಾಂತನು ಅಡ್ಡಬಿದ್ದು ಬರೆಯುವುದು.

ಇದು ಕ್ಷೇಮಸಮಾಚಾರದ ಪತ್ರವಲ್ಲ, ದೂರು. ದಯವಿಟ್ಟು ನಿಂತುಕೊಂಡು ಓದಬೇಕು.

ಇಲ್ಲಿಯ ಬ್ಯಾಂಕೊಂದರ ಕಂಪ್ಯೂಟರುಗಳಿಗೆ ‘ಎರಡು ಸಾವಿರದ ಇಸವಿ ಬರುತ್ತಲಿದೆ, ಹೆದರಬೇಡಿ’ ಎಂದು ತಿಳಿಹೇಳಲು ನಮ್ಮ ಕಂಪನಿ ನನ್ನನ್ನು ಕಳಿಸಿದೆ. ಇವತ್ತು ಭಾನುವಾರ. ಜೊತೆಗೆ ಕೆಲಸ ಮಾಡುವ ಮಿನ್ ಎಂಬ ಹುಡುಗಿ, ‘ನಮ್ಮ ಹಳೆಯ ಮನೆಗಳನ್ನು ನೋಡು ಬಾ’ ಎಂದು ಬೆಟ್ಟದ ಬುಡದ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಹಳ್ಳಿ ಅಂದರೆ ನಿಜವಾದ ಹಳ್ಳಿಯಲ್ಲ. ಊರಿನ ಅಲ್ಲಲ್ಲಿ ಬೀಳುವ ಸ್ಥಿತಿಯಲ್ಲಿದ್ದ ಹಳೆಯ ಮನೆಗಳನ್ನು ಕಂಬ ತೊಲೆ ಹೆಂಚು ಸಮೇತ ಬಿಚ್ಚಿ ತಂದು, ಒಂದೇ ಕಡೆ ಮತ್ತೆ ಜೋಡಿಸಿದ್ದಾರೆ. ತುದಿ ಮೇಲೆತ್ತಿದ ಹೆಂಚಿನ ಮಾಡು, ಕಾಗದ ಅಂಟಿಸಿದ ಬಾಗಿಲು, ಚಪ್ಪಲಿ ಬಿಡಲು ಬಾಗಿಲ ಮುಂದೊಂದು ಕಲ್ಲು. ಚಪ್ಪಲಿ ಬಿಟ್ಟು ಮನೆಯೊಳಗೆ ಹೋಗುವ ಇನ್ನೊಂದು ಜನಾಂಗ ಭೂಮಿಯ ಮೇಲಿದೆ ಎಂದು ಗೊತ್ತಾಗಿ ನನ್ನ ಕಣ್ಣು ತುಂಬಿ ಬಂದವು. ಕಾಲ್ಚೀಲ ತೂತಾಗಿದ್ದುದು ನೆನಪಾಗಿ ತಕ್ಷಣ ಒಣಗಿದವು.

ಒಳಗಿನ ನೆಲಕ್ಕೆ ಎಣ್ಣೆ ಸವರಿದ ಹಳದಿ ಕಾಗದ. ಕಾಲಿಟ್ಟರೆ ಬೆಚ್ಚಗೆ! ಅಡುಗೆಮನೆ ಕೋಣೆಗಿಂತ ತಗ್ಗಿನಲ್ಲಿದೆ. ಅಲ್ಲಿ ಒಲೆ ಹೊತ್ತಿಸಿದರೆ ಬಿಸಿ ಹೊಗೆ ಕೋಣೆಯ ನೆಲದ ಕೆಳಗೆ ಹರಿದು ಆಚೆ ಬದಿಯ ಚಿಮಣಿಗೆ ಹೋಗುತ್ತದೆ. ಒಲೆಗೆ ಹತ್ತಿರದ ಮೂಲೆಯಲ್ಲಿ ಕಾಗದ ಕಾದು ಕಾದು ರೊಟ್ಟಿಯ ಹಾಗೆ ಕಂದಿತ್ತು. ಹೊರಗಿನ ಚಳಿಗೆ ಮರಗಟ್ಟಿದ್ದ ನಾನು ನೇರ ಹೋಗಿ ಅಲ್ಲೇ ಚಕ್ಕಳಮಕ್ಕಳ ಹಾಕಿದೆ.

ಆಗ ನಡೆಯಿತು ಅಪಮಾನ. ಮನೆ ನೋಡಿಕೊಳ್ಳುವ ಮುದುಕಿಯೊಬ್ಬಳು, ಹತ್ತಿ ತುಂಬಿದ ಕುಪ್ಪಸದವಳು, ಎಲ್ಲಿಂದಲೋ ಬಂದು ಕಸಬರಿಗೆಯ ಹಿಡಿಯಿಂದ ನನ್ನ ಮೊಣಕಾಲಿಗೆ ಬಡಿದಳು. ಅವಳು ಬೈದದ್ದು ಕೊರಿಯನ್ ಭಾಷೆಯಲ್ಲಿ. ಆದರೆ ‘ಏಳೋ ಮೂಳಾ’ ಎಂಬುದು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ನನ್ನನ್ನು ಎಬ್ಬಿಸಿ, ಗಾಳಿ ನುಗ್ಗುವ ಬಾಗಿಲ ಪಕ್ಕ ಕೂರಿಸಿದಳು. ಮಿನ್ ನಗು ತಡೆಯಲಾರದೆ ಹೇಳಿದಳು: “ಬೆಚ್ಚನೆಯ ಜಾಗ ಮನೆಯಲ್ಲಿ ಹಿರಿಯರದ್ದು. ಅಜ್ಜಿ ಅಲ್ಲಿ. ಎಳೆಯರು ಬಾಗಿಲ ಹತ್ತಿರ. ಇದನ್ನು ನಮಗೆ ಯಾರೂ ಕಲಿಸೋದಿಲ್ಲ, ಹುಟ್ಟಿನಿಂದ ಗೊತ್ತಿರುತ್ತೆ.”

ಕಾಕಾ, ಬಾಗಿಲ ಪಕ್ಕ ನಡುಗುತ್ತ ಕೂತಾಗ ನನಗೆ ನೆನಪಾದದ್ದು ನಿಮ್ಮ ಮನೆ. ಸೆಪ್ಟೆಂಬರಿನ ಲೇಬರ್ ಡೇ ರಜೆಗೆ ಮೇರಿಲ್ಯಾಂಡಿನಿಂದ ಡ್ರೈವ್ ಮಾಡಿಕೊಂಡು ಬಂದು “ಅಜ್ಜಿ ಎಲ್ಲಿ?” ಅಂದರೆ, ನಿಮ್ಮ ಮಗಳು ರಚನಾ ಹೆಬ್ಬೆರಳನ್ನು ಕೆಳಗೆ ಮಾಡಿ “ಡೌನ್‌ಸ್ಟೇರ್ಸ್” ಅಂದಳು. ಬೇಸ್‌ಮೆಂಟಿನಲ್ಲಿ! ಒಂದು ಕಡೆ ಹುಲ್ಲಿಗೆ ಹಾಕುವ ಗೊಬ್ಬರದ ಚೀಲ, ಇನ್ನೊಂದು ಕಡೆ ಕ್ರಿಸ್‌ಮಸ್ ದೀಪಗಳ ಪೆಟ್ಟಿಗೆ. ಯಾವುದೋ ಯಂತ್ರಗಳ ಕೋಣೆಯ ಗೋಡೆಗೆ ಒತ್ತಿ ಹಾಕಿದ ಮಂಚದ ಮೇಲೆ ನಿಮ್ಮನ್ನು ಹೆತ್ತ ಶಾಂತವ್ವ. ಮೇಲೆ ಮೂರು ಬೆಡ್‌ರೂಮುಗಳಲ್ಲಿ ದಿಂಬುಗಳು ಮಾತ್ರ ಸುಖವಾಗಿ ಮಲಗಿದ್ದವು. ಯಾಕೆ ಎಂದು ಕೇಳಿದ್ದಕ್ಕೆ ನೀವು “ದೊಡ್ಡವರ ವಿಷಯ, ನಿನಗ ಯಾಕ?” ಅಂದಿರಿ. ಅಂದಿನಿಂದ ನಮ್ಮಿಬ್ಬರ ಫೋನು ಮೂಕವಾಗಿದೆ.

ಇಲ್ಲಿ ಗುರುತು ಪರಿಚಯವಿಲ್ಲದ ಮುದುಕಿಗೂ ಅಜ್ಜಿಯ ಜಾಗ ಯಾವುದೆಂದು ಗೊತ್ತಿದೆ. ಗದಗಿನಲ್ಲಿ ಹುಟ್ಟಿ ಬೆಳೆದ ನಿಮಗೆ? ಪತ್ರ ತಲುಪಿದ ವಾರದೊಳಗೆ ಅಜ್ಜಿಯ ಮಂಚ ಮೇಲೆ ಹತ್ತಬೇಕು. ಇಲ್ಲದಿದ್ದರೆ ಮುಂದಿನ ಕ್ರಮ.

ಕಸಬರಿಗೆ ಏಟು ತಿಂದ,
ಶಶಿಕಾಂತ


ಕಮ್ಮಿಂಗ್,
೨೧ ನವೆಂಬರ್ ೧೯೯೮

ಚಿ. ಶಶಿಕಾಂತನಿಗೆ ಬಸವಂತಪ್ಪನ ಆಶೀರ್ವಾದ. ಕೊಡುವ ಮನಸ್ಸಿರಲಿಲ್ಲ, ರೂಢಿ ಬಿಡಲಿಲ್ಲ.

ನಿನ್ನ ದೂರನ್ನು ಕೂತುಕೊಂಡೇ ಓದಿದೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ನಗಿಸುತ್ತೀ, ನಕ್ಕ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಈ ಸಲ ನನಗೆ ಸಿಟ್ಟು ನಿಲ್ಲಬೇಕಾಗಿದೆ. ಅದಕ್ಕೆ ಕಾಗದ.

ಒಂದನೆಯದು, ನೀನು ನೆಲಮಾಳಿಗೆ ಎಂಬಂತೆ ಬರೆದಿರುವುದು ಕತ್ತಲೆಕೋಣೆಯಲ್ಲ. ಅದಕ್ಕೆ ಫಿನಿಶ್ಡ್ ಬೇಸ್‌ಮೆಂಟ್ ಅನ್ನುತ್ತಾರೆ. ಈ ಕಡೆಯ ನೆಲ ಇಳಿಜಾರು. ಕೆಳಗಿನ ಬಾಗಿಲು ತೆಗೆದರೆ ನೇರ ಹಿತ್ತಲಿಗೇ ಕಾಲಿಡಬಹುದು. ಕಿಟಕಿ ಇದೆ, ಬಚ್ಚಲಿದೆ. ಗೊಬ್ಬರದ ಚೀಲ ಬೇಸಿಗೆಯಲ್ಲಿ ಎರಡು ದಿನ ಇಟ್ಟದ್ದು, ನೀನು ಸರಿಯಾಗಿ ಆ ಎರಡು ದಿನ ನೋಡಿಕೊಂಡು ಬಂದೆ.

ಇನ್ನೊಂದು ಮಾತು. ವರ್ಷದಲ್ಲಿ ಎರಡು ಸಲ ಬರುತ್ತೀ. ಉಣ್ಣುತ್ತೀ, ಎಲ್ಲರನ್ನೂ ಕಾಡಿಸುತ್ತೀ, ನನ್ನ ಕಾರಿನ ಸ್ಟೇರಿಂಗಿಗೆ ಎಣ್ಣೆ ಸವರಿ ಹೋಗುತ್ತೀ. ಅವ್ವನ ಗುಳಿಗೆ ಯಾವುದು, ಆಕೆಗೆ ಯಾವ ಮೊಣಕಾಲು ನೋಯುತ್ತದೆ, ನಿನ್ನ ಕಾಕು ಪ್ರತಿಭಾ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಎಷ್ಟು ಹೊತ್ತಿಗೆ ಅದಕ್ಕೆ ಎಣ್ಣೆ ಹಚ್ಚುತ್ತಾಳೆ, ಇದೆಲ್ಲ ನಿನ್ನ ಕೊರಿಯನ್ ಮುದುಕಿಗೆ ಗೊತ್ತಿದೆಯೇನು?

ಮಂಚ ಎಲ್ಲಿದೆಯೋ ಅಲ್ಲೇ ಇರುತ್ತದೆ. ಕಾರಣ ಹೇಳುವ ಬಾಧ್ಯತೆ ನನಗಿಲ್ಲ.

ಚಳಿಗೆ ಸರಿಯಾದ ಕೋಟು ತಗೊಂಡಿದ್ದೀಯೋ ಇಲ್ಲವೋ ಬರೆ.

ಬಸವಂತಪ್ಪ


ಸೋಲ್,
೨ ಡಿಸೆಂಬರ್ ೧೯೯೮

ಸ್ವಸ್ತಿ.

ಸಮಸ್ತ ಅಜ್ಜಿಯರ ಬೆಚ್ಚನೆಯ ಜಾಗದ ರಕ್ಷಣಾ ಪೀಠವು ಕಮ್ಮಿಂಗ್ ನಾಡನ್ನು ಆಳುತ್ತಿರುವ ಬಸವಂತಪ್ಪನಿಗೆ ಕೊಟ್ಟ ಶಾಸನವೆಂತೆಂದರೆ: ಅಜ್ಜಿ ಶಾಂತವ್ವನ ಮಂಚವನ್ನು ಮೇಲಿನ ಮಹಡಿಯಲ್ಲಿ, ಮೂಡಲ ದಿಕ್ಕಿನ ಕಿಟಕಿಯ ಕೋಣೆಯಲ್ಲಿ, ದಪ್ಪ ಹಾಸಿಗೆ ಎರಡು ದಿಂಬು ಸಹಿತ, ಸೂರ್ಯ ಚಂದ್ರರು ಇರುವವರೆಗೆ ಸ್ಥಾಪಿಸತಕ್ಕದ್ದು. ಈ ಧರ್ಮವನ್ನು ಕಾಯ್ದವನಿಗೆ ಏಳು ಜನ್ಮ ಹಸಿರು ಸಿಗ್ನಲ್ ಸಿಗಲಿ. ಅಳಿದವನ ಹುಲ್ಲುಹಾಸಿನ ತುಂಬ ಕಳೆ ಬೆಳೆಯಲಿ. ಅದನ್ನು ಕಂಡು ಬಡಾವಣೆಯ ಸಂಘದವರು ವಾರಕ್ಕೊಂದು ನೋಟಿಸು ಕಳಿಸಲಿ. ಅವನು ನಿಂತ ಚೆಕ್‌ಔಟ್ ಸಾಲು ಎಂದಿಗೂ ಮುಂದೆ ಸರಿಯದಿರಲಿ. ಅವನು ಕಾರು ತೊಳೆದ ದಿನವೇ ಮಳೆ ಬರಲಿ.

(ಕೆಳಗಿರುವ ಕೆಂಪು ಮುದ್ರೆ ಪೀಠದ್ದು. ಕೊರಿಯನ್ ಲಿಪಿಯಲ್ಲಿದೆ. ಪ್ರಶ್ನಿಸುವಂತಿಲ್ಲ.)

ಕಾಕಾ, ಶಾಸನ ಮುಗಿಯಿತು. ಇನ್ನು ತಮಾಷೆಯಿಲ್ಲ.

ನಿನ್ನೆ ಆ ಹಳ್ಳಿಗೆ ಒಬ್ಬನೇ ಮತ್ತೆ ಹೋಗಿದ್ದೆ. ಬಾಗಿಲು ತೆಗೆಯುವ ಹೊತ್ತು. ಅದೇ ಮುದುಕಿ ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. ಅಲ್ಲಿ ಅಡುಗೆ ಮಾಡುವವರಿಲ್ಲ, ಉಣ್ಣುವವರಿಲ್ಲ. ಬಾಗಿಲ ಬಳಿಯ ಇಂಗ್ಲಿಷ್ ಫಲಕದ ಪ್ರಕಾರ, ಬೆಂಕಿ ಇಲ್ಲದಿದ್ದರೆ ಮರಕ್ಕೆ ಹುಳು ಹಿಡಿಯುತ್ತದಂತೆ, ಮನೆ ತಂಪಿಗೆ ಸಡಿಲವಾಗುತ್ತದಂತೆ. ಅದಕ್ಕೆ ದಿನಾ ಒಲೆ. ಈ ಸಲ ನಾನು ಜಾಣನಾಗಿ ಬಾಗಿಲ ಪಕ್ಕವೇ ಕೂತೆ. ಎದುರಿಗೆ ಆ ಕಂದಿದ ಮೂಲೆ. ಅಲ್ಲೊಂದು ಮೆತ್ತೆ, ಒರಗುದಿಂಬು, ಸುತ್ತ ದಪ್ಪ ಹಗ್ಗ. ನನ್ನಂಥವರು ಕೂರಬಾರದೆಂದು ಹೊಸದಾಗಿ ಕಟ್ಟಿದ್ದಾರೆ. ಅಜ್ಜಿಯ ಜಾಗಕ್ಕೆ ಎಲ್ಲ ವ್ಯವಸ್ಥೆಯಾಗಿದೆ, ಅಜ್ಜಿ ಒಬ್ಬಳೇ ಇಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಹಗ್ಗವನ್ನು ಕಿತ್ತು ಹಾಕಬೇಕೆನಿಸಿತು. ಇಲ್ಲಿ ಇಷ್ಟು ಬೆಂಕಿ ಹಾಕಿ ಕಾಯುತ್ತಿರುವುದು ಯಾರನ್ನು? ಅಲ್ಲಿ ನಿಮ್ಮ ಹತ್ತಿರ ಜೀವಂತ ಅಜ್ಜಿ ಇದ್ದಾಳೆ, ಅವಳನ್ನು ಹಗ್ಗದ ಈಚೆ ಬಿಟ್ಟಿದ್ದೀರಿ. ನಾಳೆ ಅವಳು ಹೋದ ಮೇಲೆ ಫೋಟೋಕ್ಕೆ ಹಾರ ಹಾಕಿ ಲಿವಿಂಗ್ ರೂಮಿನ ಒಳ್ಳೆಯ ಗೋಡೆಗೇ ತೂಗುಹಾಕುತ್ತೀರಿ, ಅದು ನನಗೆ ಗೊತ್ತು.

ಕೋಟು ತಗೊಂಡಿದ್ದೇನೆ.

ಶಶಿಕಾಂತ


ಕಮ್ಮಿಂಗ್,
೧೪ ಡಿಸೆಂಬರ್ ೧೯೯೮

ಶಶಿಕಾಂತ,

ಶಾಸನ ತಲುಪಿತು. ಮುದ್ರೆಯನ್ನು ನಮ್ಮ ಆಫೀಸಿನ ಯೂನ್ ಎಂಬವರಿಗೆ ತೋರಿಸಿದೆ. ಅವರು ಕೊರಿಯಾದವರು. ಓದಿ, “ಇದರಲ್ಲಿ ‘ಶಶಿಕಾಂತ’ ಅಂತ ಇದೆ, ಅಷ್ಟೇ” ಅಂದರು. ಆಮೇಲೆ ಇಡೀ ಆಫೀಸು ನಕ್ಕಿತು. ನಾನೂ ನಕ್ಕೆ.

ರಾತ್ರಿ ಊಟಕ್ಕೆ ಕೂತಾಗ ನಿನ್ನ ಪತ್ರವನ್ನು ಎಲ್ಲರ ಮುಂದೆ ಜೋರಾಗಿ ಓದಿದೆ. ಪೂರ್ತಿ ಓದಿದೆ. ಅವ್ವನೂ ಇದ್ದಳು.

ಮಾರನೆಯ ದಿನ ನಾನೂ ಪ್ರತಿಭಾನೂ ಸೇರಿ ಮಂಚ ಮೇಲೆ ಸಾಗಿಸಿದೆವು. ಮೂಡಲ ಕಿಟಕಿ, ದಪ್ಪ ಹಾಸಿಗೆ, ಎರಡು ದಿಂಬು. ಶಾಸನದಲ್ಲಿ ಹೇಳಿದ ಹಾಗೆ.

ನೀನು ಗೆದ್ದೆ.

ಬಸವಂತಪ್ಪ


ಜರ್ಮನ್‌ಟೌನ್, ಮೇರಿಲ್ಯಾಂಡ್,
೨೭ ಡಿಸೆಂಬರ್ ೧೯೯೮

ಮೇಲಿನ ಮಹಡಿಯ ಮಹಾರಾಣಿ ಶಾಂತವ್ವನವರ ದಿವ್ಯ ಸನ್ನಿಧಾನಕ್ಕೆ ಮೊಮ್ಮಗ ಶಶಿಯ ಶರಣು ಶರಣಾರ್ಥಿ.

ಅಜ್ಜೀ! ಸಿಂಹಾಸನ ಹೇಗಿದೆ? ನಾನು ಕೊರಿಯಾದಿಂದ ವಾಪಸು ಬಂದು ಅಪಾರ್ಟ್‌ಮೆಂಟಿನಲ್ಲಿ ಕಾಲು ಚಾಚಿ ಕೂತು ನನ್ನ ವಿಜಯವನ್ನು ನಾನೇ ಆಚರಿಸಿಕೊಳ್ಳುತ್ತಿದ್ದೇನೆ. ಒಂದು ಹನಿ ರಕ್ತ ಚೆಲ್ಲದೆ, ಒಂದು ಕೆಂಪು ಮುದ್ರೆಯಿಂದ ಯುದ್ಧ ಗೆದ್ದವನು ಚರಿತ್ರೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸು. ಕಾಕಾ ಮುಖ ಊದಿಸಿಕೊಂಡಿದ್ದಾರೆ ತಾನೇ? ಊದಿಸಿಕೊಳ್ಳಲಿ. ಬೇಸ್‌ಮೆಂಟಿನಲ್ಲಿ ನಿನ್ನನ್ನು ನೋಡಿದ ದಿನ ನನಗಾದ ಸಂಕಟದ ಮುಂದೆ ಅದು ಏನೂ ಅಲ್ಲ.

ಪೊಟ್ಟಣದಲ್ಲಿ ಸೋಲ್ ಪೇಟೆಯ ಉಣ್ಣೆಯ ಕಾಲ್ಚೀಲಗಳಿವೆ. ಹಾಕಿಕೊಂಡು ಕಾರ್ಪೆಟ್ಟಿನ ಮೇಲೆ ದರ್ಬಾರು ನಡೆಸು. ಏನು ಬೇಕಾದರೂ ನನಗೆ ಹುಕುಂ ಬರಲಿ.

ನಿನ್ನ ಸೇನಾಪತಿ,
ಶಶಿ


ಕಮ್ಮಿಂಗ್,
೯ ಜನವರಿ ೧೯೯೯

ಚಿರಂಜೀವಿ ಶಶಿಕಾಂತನಿಗೆ ಅಜ್ಜಿ ಶಾಂತವ್ವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಮುಲ್ಕಿ ಪರೀಕ್ಷಾ ಪಾಸಾದಾಕಿ ನಾ, ಹಿಂಗ ಛಂದಾಗಿ ಬರಿಯಾಕ ಬರ್ತದ. ಆದ್ರ ಛಂದಾಗಿ ಬರದ್ರ ನನ್ನ ಸಿಟ್ಟು ನಿನಗ ತಿಳಿಯಂಗಿಲ್ಲ. ಅದಕ್ಕ ಮಾತಾಡಿದಂಗ ಬರೀತೀನಿ.

ನಿನಗ ಯಾರಪಾ ವಕೀಲಕಿ ಮಾಡಂತ ಹೇಳಿದ್ರು? ನಾ ಹೇಳಿದ್ನೇನು?

ಮೊದಲ್ನೇ ಥಂಡಿಗೆ ಬಸವಂತ ನನ್ನ ಮ್ಯಾಲಿನ ರೂಮಿನಾಗ ಇಟ್ಟಿದ್ದ. ಈಗ ನೀ ಕೂಡಿಸೀಯಲ್ಲ, ಅದ ರೂಮು. ಅಲ್ಲಿ ಬಿಸಿಗಾಳಿ ಮ್ಯಾಲಿಂದ ನೆತ್ತಿಗೆ ಬಡೀತದ. ಮೂಗು ಒಣಗ್ತದ, ಕಾಲು ಮಾತ್ರ ಮಂಜಗಡ್ಡಿ. ಹಾಸಿಗಿ ಹಿಟ್ಟಿನ ಮುದ್ದಿ ಇದ್ದಂಗ, ಹೊಳ್ಳಾಕ ಬರಂಗಿಲ್ಲ. ಲಿಂಗಪೂಜಿಗೆ ಕೂತು ಒಂದು ಊದಿನಕಡ್ಡಿ ಹಚ್ಚಿದ್ರ ಛತ್ತಿನ ಮ್ಯಾಲಿನ ಗಂಟಿ ಒದರತದ. ಎಲ್ಲಾರೂ ಬೆಂಕಿ ಬಿತ್ತಂತ ಓಡಿ ಬರತಾರ. ಪೂಜಿ ಮಾಡಿದ್ನೋ ಗುಡಿಸಲಕ್ಕ ಬೆಂಕಿ ಹಚ್ಚಿದ್ನೋ?

ಒಂದಿನ ಎಲ್ಲಾರೂ ಕೆಲಸಕ್ಕ, ಸಾಲಿಗೆ ಹೋದ ಮ್ಯಾಲ ಬರಿಗಾಲಿಲೆ ಇಡೀ ಮನಿ ಅಡ್ಡಾಡಿದೆ. ರೊಟ್ಟಿ ಹಾಕೂಕಿಂತ ಮುಂಚೆ ಹಂಚು ಕಾದದೋ ಇಲ್ಲೋ ಅಂತ ಅಂಗೈ ಹಿಡದು ನೋಡ್ತೀವಲ್ಲ, ಹಂಗ ಒಂದೊಂದು ಗ್ವಾಡಿಗೆ ಅಂಗೈ ಹಿಡದು ನೋಡಿದೆ. ಕೆಳಗ ಒಂದು ಗ್ವಾಡಿ ಬೆಚ್ಚಗ ಸಿಕ್ತು. ಅದರ ಆಚೀಕ ಇಡೀ ಮನಿಗೆ ಬಿಸಿಗಾಳಿ ಊದೂ ಯಂತ್ರ, ಪಕ್ಕದಾಗ ನೀರು ಕಾಸೂ ದೊಡ್ಡ ಹಂಡೆ. ನೀ ಬಂದದ್ದು ಬ್ಯಾಸಗಿಯೊಳಗ, ಅವಾಗ ಆ ಯಂತ್ರ ಮಲಗಿತ್ತು. ಆ ಕೊರಿಯಾದವರ ಒಲಿ ಬಗ್ಗೆ ಅಷ್ಟು ಬರದಿ, ಈ ಮನಿ ಒಲಿ ಯಾವುದು ಅಂತ ನೋಡಲಿಲ್ಲ?

ಆವತ್ತ ಹೇಳಿದೆ, “ಬಸವಂತಾ, ನನ್ನ ಮಂಚ ಈ ಗ್ವಾಡಿಗೆ ತಂದು ಹಾಕು.” ಅಂವ ಒಲ್ಲೆ ಅಂದ. “ಅವ್ವಾ, ಮಂದಿ ಏನಂದಾರು? ಹಡದಾಕಿನ್ನ ತಳಮನಿಯೊಳಗ ಇಟ್ಟಾನ ಅಂದಾರು.” ದಿನಾ ಜಗಳ. ಕಡೀಕ ಉಪವಾಸ ಕೂತೆ, ಆಮ್ಯಾಲ ಇಳಿಸಿದ. ಬೆನ್ನಿಗೆ ಬೆಚ್ಚಗ ಗ್ವಾಡಿ, ಬಾಗಲಾ ತಗದ್ರ ಹಿತ್ತಲಾ, ಹಿತ್ತಲದಾಗ ಮೆಂತೇ ಪಲ್ಲೆ. ನಸುಕಿನ್ಯಾಗ ರೊಟ್ಟಿ ಬಡದ್ರ ಯಾರ ನಿದ್ದಿನೂ ಕೆಡಂಗಿಲ್ಲ. ಇಡೀ ಅಮೇರಿಕಾದಾಗ ನಾ ಸ್ವಂತ ಹುಡುಕಿಕೊಂಡದ್ದು ಅದೊಂದ ಜಾಗಾ.

ಅವಾಗಿಂದ ಮಂದಿ ಏನೂ ಅನ್ನಲಿಲ್ಲ ಶಶಿ. ಅಂದಾಂವ ನೀನು.

ನಿನ್ನ ಶಾಸನ ಓದೂ ಮುಂದ ನಾವೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕಿವಿ. ಬಸವಂತಂತೂ ಕಾರು ತೊಳಿಯೂ ಮಾತಿಗೆ ಕೆಮ್ಮು ಬರೂ ಹಂಗ ನಕ್ಕ. ಆಮ್ಯಾಲ ಹಗ್ಗದ ಮಾತು ಬಂತು, ಫೋಟೋದ ಮಾತು ಬಂತು. ಓದೂದು ನಿಲ್ಲಸಲಿಲ್ಲ ಅಂವ. ಕಡೀತನಾ ಓದಿ, ಕಾಗದಾ ಮಡಚಿ, ಚಷ್ಮಾ ತಗದು ಒರಸಕೋತ ಕೂತ. ಮರದಿನ “ನಡಿ ಅವ್ವಾ, ಮ್ಯಾಲ” ಅಂದ. ನಾ ಜಗಳಾಡಲಿಲ್ಲ. ಅಂವನ ಮಾರಿ ನೋಡಿ ಮೆಟ್ಲಾ ಹತ್ತಿದೆ.

ನೀ ಸೆಪ್ಟೆಂಬರದಾಗ ಬಂದಾಂವ ಸೀದಾ ಕಾಕಾನ ಕೂಡ ಜಗಳಕ್ಕ ನಿಂತಿ. ಹೋಗೂ ಮುಂದ ನನ್ನ ಕಾಲಿಗೆ ಬಿದ್ದಿ. ನಡುವ ಒಂದು ಮಾತು, “ಅಜ್ಜಿ, ನಿನಗ ಎಲ್ಲಿ ಬೇಕು?” ಅಂತ ಕೇಳಲಿಲ್ಲ. ನಿನ್ನ ಮೊದಲ್ನೇ ಕಾಗದಾನೂ ಓದೀನಿ. ಆ ಊರಾಗ ನಿನ್ನ ಕಸಬರಿಗಿಲೆ ಎಬ್ಬಿಸಿದಾಕಿ, ಆಕಿ ಹೆಸರೇನು? ದಿನಾ ಬ್ಯಾರೇ ಮನಿಗೆ ಒಲಿ ಹಚ್ಚಿ ತನ್ನ ಮನಿಗೆ ಹೋಗಿ ಆಕಿ ಎಲ್ಲಿ ಮಲಗ್ತಾಳ? ಕೇಳಿಯೇನು? ಕೇಳಿರಂಗಿಲ್ಲ.

ಕಾಲ್ಚೀಲ ಛಲೋ ಅದಾವು. ಆದ್ರ ಕಾರ್ಪೆಟ್ಟಿನ ಮ್ಯಾಲ ಜಾರತಾವು.

ಸಿಟ್ಟಾಗಿರುವ ನಿನ್ನ ಅಜ್ಜಿ,
ಶಾಂತವ್ವ


ಜರ್ಮನ್‌ಟೌನ್,
೧೭ ಜನವರಿ ೧೯೯೯

ಕಾಕಾ,

ಬಿರುದುಗಳೆಲ್ಲ ಮುಗಿದಿವೆ.

ಅಜ್ಜಿಯ ಪತ್ರ ಬಂತು. ನಾಲ್ಕು ದಿನದಿಂದ ಉತ್ತರ ಬರೆಯಲು ಕೂರುತ್ತಿದ್ದೇನೆ. ಪ್ರತಿ ಸಲ ಒಂದು ತಮಾಷೆಯ ಸಾಲು ಮೊದಲು ಬರುತ್ತದೆ, ಹರಿದು ಹಾಕುತ್ತೇನೆ.

ಸೋಲ್ ಆಫೀಸಿಗೆ ಫೋನ್ ಮಾಡಿ ಮಿನ್‌ಳನ್ನು ಕೇಳಿದೆ. ಅವಳಿಗೂ ಆ ಮುದುಕಿಯ ಹೆಸರು ಗೊತ್ತಿಲ್ಲ. ವಿಚಾರಿಸುತ್ತೇನೆ ಅಂದಿದ್ದಾಳೆ.

ನನ್ನ ಮೇಲೆ ನನಗೆ ಸಿಟ್ಟಿದೆ. ಆದರೆ ಕಾಕಾ, ನಿಮ್ಮ ಮೇಲೂ ಇದೆ. ನವೆಂಬರಿನಲ್ಲೇ ‘ಅವ್ವ ತಾನೇ ಇಳಿದಳು’ ಎಂದು ಒಂದು ಸಾಲು ಬರೆದಿದ್ದರೆ ಏನು ಹೋಗುತ್ತಿತ್ತು? ಕಿಟಕಿ, ಬಚ್ಚಲು, ಗೊಬ್ಬರ, ಫಿನಿಶ್ಡ್ ಬೇಸ್‌ಮೆಂಟ್ ಎಲ್ಲ ಬರೆದಿರಿ. ಅದೊಂದನ್ನು ಬಿಟ್ಟಿರಿ.

ಈ ತಿಂಗಳ ಕೊನೆಯ ಶುಕ್ರವಾರ ಕೆಲಸ ಮುಗಿಸಿ ಹೊರಡುತ್ತೇನೆ. ಮಂಚ ನಾನೇ ಇಳಿಸುತ್ತೇನೆ. ನಿಮಗೆ ಹೇಳಬೇಕಾದದ್ದನ್ನು ಎದುರಿಗೆ ನಿಂತು ಹೇಳುತ್ತೇನೆ. ಕಾಗದದ ಮೇಲೆ ಅದು ನನಗೆ ಬರುತ್ತಿಲ್ಲ. ರಾತ್ರಿ ನನಗೆ ಕೆಳಗೆ, ಹಿತ್ತಲ ಬಾಗಿಲ ಪಕ್ಕ ಒಂದು ಚಾಪೆ ಇದ್ದರೆ ಸಾಕು. ಅದು ನನ್ನ ಜಾಗ.

ಶಶಿ


ಕಮ್ಮಿಂಗ್,
೨೨ ಜನವರಿ ೧೯೯೯

ಚಿ. ಶಶಿಗೆ ಆಶೀರ್ವಾದ. ಈ ಸಲ ಮನಸ್ಸಿನಿಂದ.

ಮಂಚ ಇಳಿಸುವ ಕೆಲಸ ಉಳಿದಿಲ್ಲ. ಸೋಮವಾರ ನಾವೆಲ್ಲ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವ್ವ ಹಾಸಿಗೆಯನ್ನು ಮೆಟ್ಟಿಲ ಮೇಲಿಂದ ಕೆಳಗೆ ಉರುಳಿಸಿ, ದಿಂಬು ಹೊತ್ತುಕೊಂಡು ತಾನೂ ಇಳಿದು, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ನಾನು ಬಾಗಿಲಲ್ಲಿ ನಿಂತೆ. “ನಿನ್ನ ಮರ್ಯಾದಿ ಸಲುವಾಗಿ ಒಂದು ತಿಂಗಳು ಥಂಡಿ ತಿಂದೆ. ಸಾಕಿನ್ನ,” ಅಂದಳು. ಪ್ರತಿಭಾ ನಕ್ಕಳು. ಮಂಚದ ಚೌಕಟ್ಟನ್ನು ನಾನೇ ಬಿಚ್ಚಿ ತಂದು ಜೋಡಿಸಿದೆ.

ಯಾಕೆ ಬರೆಯಲಿಲ್ಲ ಅಂತ ಕೇಳಿದೆ. ‘ಅವ್ವ ತಾನೇ ಇಳಿದಳು’: ತಾಯಿಯನ್ನು ಕೆಳಗಿಟ್ಟ ಪ್ರತಿ ಮಗನೂ ಹೇಳುವ ಮಾತೇ ಅದು. ಬೇರೆಯವರಿಗಾದರೆ ಹೇಳುತ್ತಿದ್ದೆನೇನೋ. ನೀನು ಬೆಳೆದದ್ದು ನನ್ನ ಹೆಗಲ ಮೇಲೆ. ನಿನಗೆ ಹೇಳಿಯೇ ಗೊತ್ತಾಗಬೇಕೇ ಅನ್ನಿಸಿತು.

ಇರಲಿ. ಚಾಪೆ ಹಾಸಿಟ್ಟಿರುತ್ತೇನೆ. ಬಾಗಿಲ ಸಂದಿಯಿಂದ ಗಾಳಿ ಚೆನ್ನಾಗಿಯೇ ಬರುತ್ತದೆ, ಎರಡು ವರ್ಷದಿಂದ ರಿಪೇರಿ ಮಾಡಿಸಿಲ್ಲ. ನೀನು ಬಂದು ಹೋಗುವ ತನಕ ಮಾಡಿಸುವುದೂ ಇಲ್ಲ.

ಅವ್ವನದು ಒಂದೇ ಷರತ್ತು. ತನ್ನನ್ನು ತನ್ನ ಬಾಯಿಮಾತಿಲ್ಲದೆ ಮಗನಾಗಲಿ ಮೊಮ್ಮಗನಾಗಲಿ ಎಲ್ಲಿಂದೆಲ್ಲಿಗೂ ಎತ್ತಿಡಬಾರದೆಂದು ಹೊಸ ಶಾಸನ ಆಗಬೇಕಂತೆ, ಬೇಸ್‌ಮೆಂಟಿನ ಬಾಗಿಲಿಗೆ ಅಂಟಿಸಬೇಕಂತೆ. ಧರ್ಮದ ಭಾಗವನ್ನು ಅವಳೇ ಹೇಳಿ ರಚನಾಳಿಂದ ಬರೆಸಿದ್ದಾಳೆ. ಅಕ್ಷರ ಸೊಟ್ಟಗಿವೆ, ತಪ್ಪಿಲ್ಲ. ಶಾಪದ ಭಾಗವನ್ನು ನಾನು ಬರೆದಿದ್ದೇನೆ. ಪೂರ್ತಿ ನಿನಗೇ ಮೀಸಲು, ಓದಿ ನೋಡುವಿಯಂತೆ.

ದಾರಿಯಲ್ಲಿ ಕ್ಯಾರೊಲಿನಾ ದಾಟುವಾಗ ಮಂಜು ಬಿದ್ದಿರುತ್ತದೆ, ನಿಧಾನ ಡ್ರೈವ್ ಮಾಡು. ಬರುವಾಗ ಕೆಂಪು ಮುದ್ರೆ ಮರೆಯಬೇಡ.

ಬಸವಂತಪ್ಪ ಕಾಕಾ